ಅಮ್ಮ ಹತ್ತಲಾಗದ ಗಾಡಿ

ಅಣ್ಣ ನನ್ನ ಮಾತು ನಂಬಿ ಏನನ್ನಾದರೂ ಕೊಂಡದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ನಾನು ಆಡದ ಮಾತನ್ನು ನಂಬಿ.

ಕನ್ನಡ ದಿನಪತ್ರಿಕೆಯೊಂದರ ವಾಹನ ಪುಟಕ್ಕೆ ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬರೆದೆ. ನೌಕರಿಯೇನಲ್ಲ, ಹೊರಗಿನಿಂದ ಬರೆದು ಕೊಡುವ ಕೆಲಸ. ಕಾರು ಕಂಪನಿಗಳು ಹೊಸ ಗಾಡಿಯೊಂದನ್ನು ನಾಲ್ಕೈದು ದಿನ ಓಡಿಸಲು ಬಿಡುತ್ತವೆ. ಓಡಿಸಿ, ಹೇಗಿದೆ ಎಂದು ಬರೆಯಬೇಕು. ನನ್ನ ಹೆಸರು ಲೇಖನದ ಮೇಲೆ ಬರುತ್ತಿತ್ತು. ಹೆಂಗಸೊಬ್ಬಳು ಎಂಜಿನ್ನಿನ ವಿಷಯ ಬರೆಯುತ್ತಾಳೆ ಎಂದು ಮೊದಮೊದಲು ಓದುಗರು ಆಶ್ಚರ್ಯಪಟ್ಟರು, ಆಮೇಲೆ ಮರೆತರು. ಅದೇ ನನಗೆ ಬೇಕಾಗಿತ್ತು.

ಗಾಡಿಯ ಹುಚ್ಚು ಅಪ್ಪನಿಂದ ಬಂದದ್ದು. ಅಪ್ಪನಿಗೆ ಕಾಟನ್‌ಪೇಟೆಯಲ್ಲಿ ಟವೆಲ್ಲು, ಬೆಡ್‌ಶೀಟುಗಳ ಹೋಲ್‌ಸೇಲ್ ಅಂಗಡಿ. ಸರಕು ಸಾಗಿಸಲು ಒಂದು ಹಳೇ ಡೀಸೆಲ್ ಮೆಟಡೋರ್ ಇತ್ತು. ಡ್ರೈವರ್ ಬಾರದ ದಿನ ಅಪ್ಪನೇ ಓಡಿಸುತ್ತಿದ್ದರು, ಕಾಲೇಜಿಗೆ ರಜೆಯಿದ್ದರೆ ನಾನು ಪಕ್ಕದ ಸೀಟಿನಲ್ಲಿ. ಬಿನ್ನಿಪೇಟೆಯ ಮಿಲ್ಲಿನ ಗೋಡೆಯ ಪಕ್ಕ, ಜನ ಕಡಿಮೆಯಿದ್ದ ರಸ್ತೆಯಲ್ಲಿ, ಅವರು ನನ್ನ ಕೈಗೆ ಸ್ಟೀರಿಂಗ್ ಕೊಟ್ಟರು. "ಎಂಜಿನ್ ಏನೋ ಹೇಳ್ತಿರುತ್ತೆ, ಕೇಳಿಸ್ಕೋ. ಗೇರ್ ಆಮೇಲೆ ಹಾಕು" ಎನ್ನುತ್ತಿದ್ದರು. ಅಣ್ಣನಿಗೆ ಇದು ಹಿಡಿಸುತ್ತಿರಲಿಲ್ಲ. ಅವನು ನನಗಿಂತ ಆರು ವರ್ಷಕ್ಕೆ ದೊಡ್ಡವನು, ಅಷ್ಟರಲ್ಲಾಗಲೇ ಅಂಗಡಿಯಲ್ಲಿ ಕೂರಲು ಶುರು ಮಾಡಿದ್ದ. "ಇವಳಿಗೆ ಮೆಟಡೋರ್ ಕಲ್ಸಿ ಏನ್ ಮಾಡ್ತೀರಾ? ಲೋಡ್ ಹೊಡಿಯೋಕೆ ಕಳಿಸ್ತೀರಾ?" ಎಂದು ಅಪ್ಪನ ಎದುರಿಗೇ ಕೇಳಿದ್ದ. ಅಪ್ಪ ನಕ್ಕರು. ನಾನು ನಗಲಿಲ್ಲ.

ಅಪ್ಪ ಹೋದ ಮೇಲೆ ಅಂಗಡಿ ಅಣ್ಣನದಾಯಿತು. ಚಾಮರಾಜಪೇಟೆಯ ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ ಉಳಿದರು. ನಾನು ಮದುವೆಯಾಗಿ ಬಸವನಗುಡಿಗೆ ಬಂದಿದ್ದೆ, ನಡೆದೇ ಹೋಗಬಹುದಾದಷ್ಟು ಹತ್ತಿರ. ಅಣ್ಣ ಒಂದಾದ ಮೇಲೊಂದು ಕಾರು ಬದಲಿಸಿದ. ಪ್ರತಿ ಸಲವೂ ಅಂಗಡಿ ಸಾಲಿನ ಗೆಳೆಯರನ್ನು ಕೇಳಿದ, ಸರ್ವಿಸ್ ಸೆಂಟರಿನವನನ್ನು ಕೇಳಿದ, ಒಮ್ಮೆ ನಮ್ಮ ದಂತವೈದ್ಯರನ್ನೂ ಕೇಳಿದ. ನನ್ನನ್ನು ಕೇಳಲಿಲ್ಲ. ಮನೆಯ ಸಮಾರಂಭಗಳಲ್ಲಿ ನೆಂಟರು ಯಾರಾದರೂ "ಯಾವ ಕಾರು ತಗೋಬಹುದಮ್ಮಾ?" ಎಂದು ನನ್ನ ಬಳಿ ಬಂದರೆ, ಅವನು ಮಧ್ಯೆ ಬಾಯಿ ಹಾಕಿ, "ಅವಳು ಪೇಪರ್‌ಗೆ ಬರೀತಾಳೆ ಅಷ್ಟೇ, ಕಂಪನಿಯವರು ಹೇಳಿದ್ದನ್ನ" ಎಂದು ತಮಾಷೆಯ ದನಿಯಲ್ಲಿ ಹೇಳುತ್ತಿದ್ದ. ಅದು ತಮಾಷೆಯಲ್ಲ ಎನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಗಾಡಿ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ಏಳು ಸೀಟಿನ ದೊಡ್ಡ ಎಸ್‌ಯುವಿ, ಡೀಸೆಲ್, ಆದರೆ ರೇಸಿನ ಗಾಡಿಯಂತೆ ಹದಗೊಳಿಸಿದ ಎಂಜಿನ್. ಕುಟುಂಬಕ್ಕೆಂದು ಮಾಡಿದ ಇಷ್ಟು ವೇಗದ ಡೀಸೆಲ್ ಗಾಡಿ ಬೇರೆ ಇಲ್ಲ ಎಂದು ಕಂಪನಿಯವರು ಹೇಳಿಕೊಂಡಿದ್ದರು. ತಂದು ಬಿಟ್ಟವನು ಅದನ್ನು ನಮ್ಮ ಕ್ರಾಸಿನಲ್ಲಿ ನಿಲ್ಲಿಸಲು ಪಟ್ಟ ಪಾಡು ನೋಡಿ ಎದುರು ಮನೆಯವರು ತಮ್ಮ ಸ್ಕೂಟರನ್ನು ತಾವೇ ಒಳಗೆ ತೆಗೆದುಕೊಂಡರು. ನಿಲ್ಲಿಸಿದ ಮೇಲೆ ಬೀದಿಯ ಅರ್ಧ ಭಾಗ ಅದೇ ಆಗಿತ್ತು.

ಮಾರನೇ ದಿನ ಬೆಳಗಿನ ಹೊತ್ತು ಊರ ಹೊರಗಿನ ನೈಸ್ ರಸ್ತೆಗೆ ಒಯ್ದೆ. ಸುಳ್ಳು ಹೇಳಬಾರದು, ಎಂಜಿನ್ ಅದ್ಭುತವಾಗಿತ್ತು. ಕಾಲು ಒತ್ತಿದರೆ ಒಂದು ಕ್ಷಣ ಯೋಚಿಸಿದಂತೆ ಮಾಡಿ, ಆಮೇಲೆ ಬೆನ್ನನ್ನು ಸೀಟಿಗೆ ಒತ್ತಿ ಹಿಡಿದು ಓಡುತ್ತಿತ್ತು. ಅಷ್ಟು ಭಾರದ ಗಾಡಿ ತಿರುವಿನಲ್ಲಿ ಒಂದಿಷ್ಟೂ ವಾಲುತ್ತಿರಲಿಲ್ಲ. ಬ್ರೇಕ್ ಹಿಡಿದ ಕಡೆ ನಿಲ್ಲುತ್ತಿತ್ತು. ಒಳಗೆ ಡೀಸೆಲ್ಲಿನ ಸದ್ದೇ ಕೇಳುತ್ತಿರಲಿಲ್ಲ. ಅಪ್ಪ ಇದ್ದಿದ್ದರೆ ಎಂದುಕೊಂಡೆ. ಗಾಜು ಇಳಿಸಿ, ಎಂಜಿನ್ನಿನ ಸದ್ದು ಕೇಳುತ್ತ ಇನ್ನೊಂದು ಸುತ್ತು ಹೋಗಿ ಬಂದೆ.

ಆದರೆ ಊರೊಳಗೆ ಬಂದ ಕೂಡಲೇ ಅದು ಬೇರೆಯೇ ಗಾಡಿಯಾಯಿತು. ವೇಗಕ್ಕಾಗಿ ಬಿಗಿ ಮಾಡಿದ ಸ್ಪ್ರಿಂಗುಗಳು ಪ್ರತಿ ಹಂಪನ್ನೂ ಸೊಂಟಕ್ಕೆ ಮುಟ್ಟಿಸುತ್ತಿದ್ದವು. ಚಾಮರಾಜಪೇಟೆಯ ಕ್ರಾಸುಗಳಲ್ಲಿ ನಿಧಾನವಾಗಿ ತೆವಳುವಾಗ ಆ ಒಂದು ಕ್ಷಣದ ಯೋಚನೆ, ಆಮೇಲಿನ ನೆಗೆತ, ಎರಡೂ ಹಿಂಸೆ. ತಳ್ಳುಗಾಡಿಯವರು, ಶಾಲೆಯ ಆಟೋಗಳು, ಬಾಗಿಲಿನ ಮುಂದೆ ರಂಗೋಲಿ ಹಾಕುತ್ತಿದ್ದವರು ಎಲ್ಲರೂ ಬದಿಗೆ ಸರಿದು ನನ್ನನ್ನು ನೋಡುತ್ತಿದ್ದರು, ಆ ನೋಟದಲ್ಲಿ ಮೆಚ್ಚುಗೆ ಇರಲಿಲ್ಲ.

ಅವತ್ತು ಅಮ್ಮನನ್ನು ಗಾಂಧಿಬಜಾರಿನ ಹತ್ತಿರದ ಮಂಡಿ ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕಿತ್ತು. ಕುಟುಂಬದ ಗಾಡಿ ಎನ್ನುತ್ತಾರೆ, ಕುಟುಂಬವನ್ನೇ ಕೂರಿಸಿ ನೋಡೋಣ ಎಂದು ಅದರಲ್ಲೇ ಹೋದೆ. ಅಮ್ಮನಿಗೆ ಎಪ್ಪತ್ತೆಂಟು. ಎರಡೂ ಮಂಡಿ ಸವೆದಿವೆ, ಕೋಲು ಹಿಡಿದು ನಡೆಯುತ್ತಾಳೆ. ಆದರೆ ಅಲ್ಲಿಯವರೆಗೆ ಯಾರ ಕೈಯನ್ನೂ ಹಿಡಿದವಳಲ್ಲ. ಮಠಕ್ಕೆ, ಮಾರ್ಕೆಟ್ಟಿಗೆ ಒಬ್ಬಳೇ ಆಟೋದಲ್ಲಿ ಹೋಗಿ ಬರುತ್ತಿದ್ದಳು.

ಬಾಗಿಲು ತೆಗೆದೆ. ಅಮ್ಮ ಸೀಟಿನತ್ತ ಕತ್ತೆತ್ತಿ ನೋಡಿದಳು.

"ಇದೇನೇ, ಇಷ್ಟೆತ್ತರ? ನಾನೇನ್ ಲಾರಿ ಹತ್ತಬೇಕಾ?"

ಕಾಲಿಡಲು ಫುಟ್‌ಬೋರ್ಡ್ ಇರಲಿಲ್ಲ. ಹಿಂದಿನ ಬಾಗಿಲ ಪಕ್ಕ ಕೈಗೆ ಸಿಗುವ ಹಿಡಿಯೂ ಇರಲಿಲ್ಲ. ನಾನು ಹಿಂದಿನಿಂದ ಎತ್ತಿದೆ, ಅವಳು ಸೀಟನ್ನು ಎರಡು ಕೈಯಲ್ಲಿ ಬಾಚಿಕೊಂಡು ಹೇಗೋ ಒಳಗೆ ಹೋದಳು. ಸೆರಗು ಸರಿಮಾಡಿಕೊಂಡು ಕೂತ ಮೇಲೆ, "ಕೂತ್ಕೊಂಡ್ಮೇಲೆ ಚೆನ್ನಾಗಿದೆ ಬಿಡು" ಎಂದಳು. ಇಳಿಯುವಾಗ ಇನ್ನೂ ಕಷ್ಟವಾಯಿತು. ಒಂದು ಕಾಲನ್ನು ಕೆಳಗೆ ಬಿಟ್ಟು ನೆಲವನ್ನು ಹುಡುಕಿದಳು, ಸಿಗಲಿಲ್ಲ. "ಭೂಮಿ ಎಲ್ಲೇ ಇದೆ?" ಎಂದು ಕೇಳಿದಾಗ ಅವಳ ದನಿಯಲ್ಲಿ ನಿಜವಾದ ಭಯವಿತ್ತು. ನಾನು ತಬ್ಬಿಕೊಂಡು ಇಳಿಸಿದೆ.

ಮನೆಗೆ ಬಂದು ಬರೆದೆ. ಎಂಜಿನ್ನನ್ನು ಹೊಗಳಿದೆ, ಹೊಗಳಲೇಬೇಕಿತ್ತು. ಆಮೇಲೆ ಅಮ್ಮನ ವಿಷಯಕ್ಕೆ ಬಂದೆ. "ಒಮ್ಮೆ ಒಳಗೆ ಕೂತರೆ ಹಿರಿಯರಿಗೂ ಆರಾಮ, ಆದರೆ ಹತ್ತುವುದೇ ಕಷ್ಟ, ಇಳಿಯುವುದು ಅಪಾಯ" ಎಂದು ಬರೆದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನು ಶೋರೂಮಿಗೆ ಕರೆದುಕೊಂಡು ಹೋಗಿ, ಒಂದು ಸಲ ಹತ್ತಿಸಿ ಇಳಿಸಿ ನೋಡದೆ ಬುಕ್ ಮಾಡಬೇಡಿ ಎಂದು ಬರೆದೆ. ಹೆದ್ದಾರಿಯಲ್ಲಿ ಒಬ್ಬರೇ ಓಡಿಸುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ, ಕುಟುಂಬದ ಗಾಡಿ ಎಂದು ಮಾತ್ರ ಇದನ್ನು ಕರೆಯಲಾರೆ ಎಂದು ಮುಗಿಸಿದೆ.

ಶನಿವಾರ ಪುಟ ಬಂತು. ತಲೆಬರಹ: "ಮನೆಮಂದಿಗೆಲ್ಲ ಮಿಂಚಿನ ಸವಾರಿ". ಎಂಜಿನ್ನಿನ ಭಾಗ ಪೂರ್ತಿ ಇತ್ತು. ಕೊನೆಯ ಭಾಗ ಇರಲಿಲ್ಲ. ಅಮ್ಮನ ಬಗ್ಗೆ ಬರೆದದ್ದರಲ್ಲಿ ಉಳಿದದ್ದು ಒಂದೇ ತುಂಡು: "ಒಮ್ಮೆ ಒಳಗೆ ಕೂತರೆ ಹಿರಿಯರಿಗೂ ಆರಾಮ." ಅಲ್ಲಿಗೆ ಪೂರ್ಣವಿರಾಮ. ಪುಟ ತಿರುಗಿಸಿದರೆ ಅದೇ ಗಾಡಿಯ ಪುಟದಗಲದ ಜಾಹೀರಾತು.

ಪುಟ ನೋಡಿಕೊಳ್ಳುತ್ತಿದ್ದವರಿಗೆ ಫೋನ್ ಮಾಡಿದೆ. ನನಗಿಂತ ಚಿಕ್ಕ ವಯಸ್ಸಿನವರು, ಯಾವತ್ತೂ ಮರ್ಯಾದೆಯಿಂದಲೇ ಮಾತಾಡುವವರು.

"ಜಾಗ ಇರ್ಲಿಲ್ಲ ಮೇಡಂ. ಕೊನೇ ಗಳಿಗೇಲಿ ಕಟ್ ಮಾಡ್ಬೇಕಾಯ್ತು."

"ಟಾಪ್ ಸ್ಪೀಡ್ ಬಗ್ಗೆ ಎರಡು ಪ್ಯಾರಾ ಇತ್ತಲ್ಲ, ಅದನ್ನ ಕಟ್ ಮಾಡ್ಬಹುದಿತ್ತು."

"ಓದೋರಿಗೆ ಅದೇ ಬೇಕು ಮೇಡಂ. ನಾವೇನೂ ಸೇರಿಸಿಲ್ಲ ನೋಡಿ. ಎಲ್ಲಾ ನಿಮ್ಮ ಮಾತೇ" ಎಂದರು.

ಅದು ನಿಜ. ಅಲ್ಲಿದ್ದ ಒಂದೊಂದು ಪದವೂ ನನ್ನದೇ. ಫೋನ್ ಇಟ್ಟೆ.

ಅದಾಗಿ ವಾರದೊಳಗೆ ಅಣ್ಣ ಫೋನ್ ಮಾಡಿದ. ಹಬ್ಬಕ್ಕೆ ಕರೆಯಲು ಬಿಟ್ಟರೆ ಅವನು ಫೋನ್ ಮಾಡುವವನಲ್ಲ.

"ನಿನ್ನ ಆರ್ಟಿಕಲ್ ಓದ್ದೆ. ಚೆನ್ನಾಗ್ ಬರ್ದಿದೀಯಾ" ಎಂದ. ನಾನು ಬರೆಯಲು ಶುರು ಮಾಡಿದ ಮೇಲೆ ಅವನ ಬಾಯಲ್ಲಿ ಈ ಮಾತು ಕೇಳಿದ್ದು ಅದೇ ಮೊದಲು. ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆ ಖುಷಿ ಮುಂದಿನ ವಾಕ್ಯದವರೆಗೆ ಮಾತ್ರ ಇತ್ತು. "ಬುಕ್ ಮಾಡ್ಬಿಟ್ಟೆ ಕಣೇ. ಕಪ್ಪು ಬಣ್ಣ."

"ಅಣ್ಣಾ, ಅದು ಬೇಡ. ಅಮ್ಮನಿಗೆ ಹತ್ತಕ್ಕಾಗಲ್ಲ. ನಾನು ಕೂರಿಸಿ ನೋಡಿದೀನಿ. ಅದನ್ನೇ ಬರ್ದಿದ್ದೆ, ಅವರು ತೆಗೆದುಹಾಕಿದಾರೆ."

"ಹಿರಿಯರಿಗೂ ಆರಾಮ ಅಂತ ಬರ್ದಿದೀಯಲ್ಲ."

"ಅದು ಅರ್ಧ ವಾಕ್ಯ. ಮುಂದಕ್ಕಿದ್ದದ್ದು ಕಟ್ ಆಗಿದೆ."

ಅವನ ಹಳೆಯ ದನಿ ಬಂತು. "ಊರಿಗೆಲ್ಲ ತಗೊಳ್ಳಿ ಅಂತೀಯಾ, ನಾನು ತಗೊಂಡ್ರೆ ಬೇಡ ಅಂತೀಯಾ. ಹೊಟ್ಟೆಕಿಚ್ಚಾ ನಿಂಗೆ?"

"ಬುಕಿಂಗ್ ಇರ್ಲಿ. ಒಂದೇ ಒಂದ್ಸಲ ಅಮ್ಮನ್ನ ಶೋರೂಮಿಗೆ ಕರ್ಕೊಂಡ್ ಹೋಗು. ಹತ್ತಿಸಿ ನೋಡು. ಅಷ್ಟು ಮಾಡು ಸಾಕು."

"ಆಯ್ತು ಆಯ್ತು" ಎಂದ. ಕರೆದುಕೊಂಡು ಹೋಗಲಿಲ್ಲ.

ನನ್ನ ಬಾಯಿಂದ ಬಂದದ್ದನ್ನು ಅವನು ಎಂದೂ ನಂಬಿದವನಲ್ಲ, ಅದು ನನಗೆ ಅಭ್ಯಾಸವಾಗಿತ್ತು. ಅಚ್ಚಾದದ್ದನ್ನು ನಂಬಿದ. ನನ್ನ ಹೆಸರಿತ್ತೆಂದೇ ನಂಬಿದ ಎನ್ನೋಣವೆಂದರೆ, ಆ ಹೆಸರಿಗೆ ಅವನು ಅಲ್ಲಿಯವರೆಗೆ ಕೊಟ್ಟ ಬೆಲೆ ನನಗೆ ಗೊತ್ತಿದೆ. ಅವನಿಗೆ ಗಾಡಿ ಮೊದಲೇ ಮನಸ್ಸಿಗೆ ಬಂದಿತ್ತು, ಹೂಂ ಎನ್ನುವ ಒಂದು ದನಿ ಬೇಕಿತ್ತು ಅಷ್ಟೇ ಎಂದು ಈಗ ಅನ್ನಿಸುತ್ತದೆ.

ಗಾಡಿ ಬಂದ ದಿನ ದೊಡ್ಡಗಣಪತಿ ಗುಡಿಯ ಮುಂದೆ ಪೂಜೆ. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ ಮೇಲೆ ಸೇವಂತಿಗೆ ಹಾರ. ಅಮ್ಮನನ್ನು ಅಣ್ಣ ಒಂದು ಕಡೆ, ಅಂಗಡಿಯ ಕೆಲಸದವರು ಒಂದು ಕಡೆ ಹಿಡಿದು ಎತ್ತಿ ಕೂರಿಸಿದರು. ಸುತ್ತ ಜನ ನೋಡುತ್ತಿದ್ದರು. ಸೀರೆ ಮೊಣಕಾಲಿನವರೆಗೆ ಸರಿದದ್ದನ್ನು ಅಮ್ಮ ಅವಸರದಿಂದ ಎಳೆದುಕೊಂಡಳು, ಆಮೇಲೆ ಯಾರನ್ನೂ ನೋಡದೆ ಎದುರಿನ ಗಾಜಿನ ಕಡೆ ಮುಖ ಮಾಡಿ ಕೂತಳು.

"ಸೈಡಿಗೆ ಫುಟ್‌ಬೋರ್ಡ್ ಹಾಕಿಸ್ಕೋ ಅಣ್ಣಾ. ಹೊರಗಡೆ ಹಾಕ್ಕೊಡ್ತಾರೆ, ಒಂದಿನದ ಕೆಲ್ಸ" ಎಂದೆ.

"ಲುಕ್ ಹಾಳಾಗುತ್ತೆ" ಎಂದ.

ಅತ್ತಿಗೆ ಒಳ್ಳೆಯವರು. ಅವರು ಬಚ್ಚಲಮನೆಯ ಒಂದು ಪ್ಲಾಸ್ಟಿಕ್ ಸ್ಟೂಲನ್ನು ಗಾಡಿಯ ಡಿಕ್ಕಿಯಲ್ಲಿ ಇಟ್ಟುಕೊಂಡರು. ಎಲ್ಲಿ ಹೋದರೂ ಇಳಿದು, ಡಿಕ್ಕಿ ತೆಗೆದು, ಸ್ಟೂಲು ತಂದು, ಅಮ್ಮನ ಕಾಲ ಕೆಳಗೆ ಇಡುತ್ತಿದ್ದರು. ಅಷ್ಟರಲ್ಲಿ ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು, ಅಣ್ಣ ಸ್ಟೀರಿಂಗ್ ಮೇಲೆ ಬೆರಳು ತಟ್ಟುತ್ತಿದ್ದ. ಅಮ್ಮ ಒಂದೊಂದೇ ಕಡೆಗೆ ಹೋಗುವುದನ್ನು ಬಿಟ್ಟಳು. ಆಟೋ ಹತ್ತುವುದನ್ನೂ ಅಣ್ಣ ಬಿಡಿಸಿದ. ಮನೆಯ ಮುಂದೆ ಅಷ್ಟು ದೊಡ್ಡ ಗಾಡಿ ಇಟ್ಟುಕೊಂಡು ತಾಯಿಯನ್ನು ಆಟೋದಲ್ಲಿ ಕಳಿಸುತ್ತಾನೆ ಎಂದು ಬೀದಿಯವರು ಆಡಿಕೊಳ್ಳುತ್ತಾರಂತೆ.

ಮಾಘದಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ಮದುವೆ. ಬಸವನಗುಡಿಯದೇ ಒಂದು ಕಲ್ಯಾಣಮಂಟಪ, ಬೆಳಗಿನ ಮುಹೂರ್ತ. ನಾನು ಮೊದಲೇ ಹೋಗಿ ಬಾಗಿಲಲ್ಲಿ ನೆಂಟರ ಜೊತೆ ನಿಂತಿದ್ದೆ. ಅಣ್ಣನ ಕಪ್ಪು ಗಾಡಿ ತಿರುಗಿ ಬಂದು ಮಂಟಪದ ಎದುರು ನಿಂತಿತು. ಹಿಂದೆ ಎರಡು ಆಟೋ, ಒಂದು ಟೆಂಪೋ. ಹಾರ್ನ್ ಶುರುವಾಯಿತು. ಅತ್ತಿಗೆ ಆ ಕಡೆಯಿಂದ ಇಳಿದು ಡಿಕ್ಕಿ ತೆಗೆದರು. ಉಡುಗೊರೆಯ ಪಾತ್ರೆಗಳ ಡಬ್ಬಗಳ ಕೆಳಗೆಲ್ಲೋ ಸ್ಟೂಲು ಸಿಕ್ಕಿಕೊಂಡಿತ್ತು. ಅವರು ಡಬ್ಬಗಳನ್ನು ಎತ್ತಿ ಇಡುತ್ತಿರುವುದು ನನಗೆ ಕಾಣುತ್ತಿತ್ತು.

"ಬೇಗ ಇಳಿಸ್ರೀ, ರಸ್ತೆ ಬ್ಲಾಕ್ ಆಗಿದೆ" ಎಂದು ಆಟೋದವನು ಕೂಗಿದ. ಅಣ್ಣ ಒಳಗಿನಿಂದ, "ಆಯ್ತಾ ಅಮ್ಮಾ?" ಎಂದ.

ಅಮ್ಮನಿಗೆ ತನ್ನಿಂದ ಇನ್ನೊಬ್ಬರು ಕಾಯುವುದು ಯಾವತ್ತೂ ಆಗದು. ತಾನೇ ಬಾಗಿಲು ತಳ್ಳಿದಳು. ಒಂದು ಕಾಲು ಹೊರಗೆ ಬಂತು, ಕೆಳಗೆ ನೆಲವನ್ನು ಹುಡುಕಿತು.

"ಅಮ್ಮಾ, ತಡಿ, ಬರ್ತಿದೀನಿ" ಎಂದು ಕೂಗುತ್ತ ಓಡಿದೆ. ಅವಳು ನನ್ನ ಕಡೆ ನೋಡಿದಳು. ಹಿಡಿಯಲು ಕೈ ಚಾಚಿದ್ದು ಗಾಳಿಗೆ. ಪಕ್ಕಕ್ಕೆ ವಾಲಿ ಬಿದ್ದಳು, ರೇಷ್ಮೆ ಸೀರೆಯಲ್ಲಿ, ಮುಡಿದ ಮಲ್ಲಿಗೆಯ ಸಮೇತ. ಫುಟ್‌ಪಾತಿನ ಕಲ್ಲಿಗೆ ಬಡಿದ ಸದ್ದು ಆ ಹಾರ್ನುಗಳ ಮಧ್ಯೆಯೂ ಕೇಳಿಸಿತು.

ಸೊಂಟದ ಮೂಳೆ ಮುರಿದಿತ್ತು. ಅಲ್ಲಿ ಅದು ನಮಗೆ ಗೊತ್ತಿರಲಿಲ್ಲ, ಅವಳನ್ನು ಅಲುಗಾಡಿಸಿದರೆ ಕಿರುಚುತ್ತಿದ್ದಳು ಅಷ್ಟೇ. ಅಷ್ಟು ದೊಡ್ಡ ಗಾಡಿ ಎದುರಿಗೇ ನಿಂತಿದ್ದರೂ ಅದಕ್ಕೆ ಅವಳನ್ನು ಎತ್ತಿ ಕೂರಿಸುವಂತಿರಲಿಲ್ಲ. ಆಂಬುಲೆನ್ಸ್ ಬರುವವರೆಗೆ ಮಂಟಪದ ಜಮಖಾನದ ಮೇಲೆ ಮಲಗಿಸಿಕೊಂಡು ಕಾದೆವು. ಒಳಗೆ ನಾದಸ್ವರ ನಡೆಯುತ್ತಲೇ ಇತ್ತು.

ಆಪರೇಷನ್ ಮುಗಿಯಲೆಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದಾಗ ಮದುವೆಯ ಊಟ ಮುಗಿಸಿದ ನೆಂಟರು ಬಂದರು. ಚಿಕ್ಕಪ್ಪ, "ಅಲ್ಲಯ್ಯಾ, ವಯಸ್ಸಾದವರಿರೋ ಮನೆಗೆ ಇಷ್ಟೆತ್ತರದ ಗಾಡಿ ಯಾಕೆ ತಗೊಂಡೆ?" ಎಂದು ಅಣ್ಣನನ್ನು ಕೇಳಿದರು. ಸಹಜವಾದ ಪ್ರಶ್ನೆ. ಅಣ್ಣನ ಕಣ್ಣುಗಳು ಕೆಂಪಾಗಿದ್ದವು, ಅತ್ತಿದ್ದ. ಅವನು ನನ್ನ ಕಡೆ ಬೆರಳು ತೋರಿಸಿದ.

"ಇವಳನ್ನ ಕೇಳಿ. ಇವಳೇ ಬರ್ದಿದ್ದು. ಹಿರಿಯರಿಗೂ ಆರಾಮ ಅಂತ. ಮನೇಲೇ ಎಕ್ಸ್‌ಪರ್ಟ್ ಇದಾಳಲ್ಲ ಅಂತ ನಂಬಿ ತಗೊಂಡೆ."

ಎಲ್ಲರೂ ನನ್ನನ್ನು ನೋಡಿದರು. ನಾನು ಪತ್ರಿಕೆಗೆ ಕಳಿಸಿದ್ದ ಲೇಖನ ಫೋನಿನಲ್ಲೇ ಇತ್ತು. ತೆಗೆದು ಅವನ ಮುಂದೆ ಹಿಡಿದೆ. "ನಾನು ಬರ್ದಿದ್ದು ಇದು. ಓದು. ನಿಂಗೆ ಫೋನಲ್ಲೂ ಹೇಳಿದ್ದೆ. ಶೋರೂಮಿಗೆ ಕರ್ಕೊಂಡ್ ಹೋಗು ಅಂತ ಬೇಡ್ಕೊಂಡಿದ್ದೆ."

ಅವನು ಓದಲಿಲ್ಲ. "ಈಗ ಏನ್ ಬೇಕಾದ್ರೂ ಟೈಪ್ ಮಾಡ್ಬಹುದು" ಎಂದ. "ಪೇಪರಲ್ಲಿ ಬಂದಿದ್ದು ಪೇಪರಲ್ಲಿದೆ."

ಚಿಕ್ಕಪ್ಪ, "ಹೋಗ್ಲಿ ಬಿಡಿ, ಇದು ಜಗಳದ ಹೊತ್ತಲ್ಲ" ಎಂದರು. ಎಲ್ಲರೂ ಹೌದು ಹೌದು ಎಂದರು. ನನ್ನ ಕೈಯಲ್ಲಿದ್ದ ಫೋನನ್ನು ಯಾರೂ ತೆಗೆದುಕೊಂಡು ನೋಡಲಿಲ್ಲ. ಅತ್ತಿಗೆ ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಅವತ್ತು ನಾನು ಫೋನಿನಲ್ಲಿ ಬೇಡ ಎಂದದ್ದನ್ನು ಅವರು ಪಕ್ಕದಲ್ಲಿದ್ದು ಕೇಳಿಸಿಕೊಂಡಿದ್ದರು ಎಂದು ಆಮೇಲೆ ಅವರೇ ನನಗೆ ಹೇಳಿದರು. ಆ ಕಾರಿಡಾರಿನಲ್ಲಿ ಹೇಳಲಿಲ್ಲ. ಅವರು ಅದೇ ಮನೆಯಲ್ಲಿ ಬಾಳಬೇಕು, ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ನೋವು ಕಡಿಮೆಯಾಗಿಲ್ಲ.

ಪತ್ರಿಕೆಯವರಿಗೆ ಬರೆದೆ. ಬಿಟ್ಟುಹೋದ ಭಾಗವನ್ನು ಈಗಲಾದರೂ ಒಂದು ಮೂಲೆಯಲ್ಲಿ ಹಾಕಿ ಎಂದು ಕೇಳಿದೆ. ಪುಟ ನೋಡಿಕೊಳ್ಳುತ್ತಿದ್ದವರು ಫೋನ್ ಮಾಡಿ, "ತಾಯಿಯವರ ವಿಷಯ ಕೇಳಿ ಬೇಜಾರಾಯ್ತು ಮೇಡಂ. ಆದ್ರೆ ಅದು ಹಳೇ ಪುಟ, ಈಗ ಹಾಕಿದ್ರೆ ಜನಕ್ಕೆ ಯಾಕೆ ಅಂತ ಗೊತ್ತಾಗಲ್ಲ" ಎಂದರು. ಮುಂದಿನ ವಾರ ಬೇರೊಂದು ಕಾರು ಕಳಿಸಲೇ ಎಂದೂ ಕೇಳಿದರು. ಬೇಡ ಎಂದೆ. ಅಲ್ಲಿಗೆ ಬರೆಯುವುದು ನಿಂತಿತು. ಅವರು ಇನ್ನೊಮ್ಮೆ ಕೇಳಲಿಲ್ಲ. ಈಗ ಆ ಪುಟದಲ್ಲಿ ಬೇರೆಯವರ ಹೆಸರು ಬರುತ್ತದೆ. ನನ್ನನ್ನು ಪತ್ರಿಕೆಯವರೇ ತೆಗೆದುಹಾಕಿದರು ಎಂದು ಅಣ್ಣ ನೆಂಟರಲ್ಲಿ ಹೇಳಿಕೊಂಡು ಬಂದಿದ್ದಾನೆ. ತಿದ್ದುವ ಗೋಜಿಗೆ ನಾನು ಹೋಗಿಲ್ಲ.

ಅಮ್ಮ ಈಗ ವಾಕರ್ ಹಿಡಿದು ಕೋಣೆಯಿಂದ ಬಚ್ಚಲಿಗೆ, ಬಚ್ಚಲಿಂದ ನಡುಮನೆಗೆ ನಡೆಯುತ್ತಾಳೆ. ಹೊಸಿಲು ದಾಟುವುದಿಲ್ಲ. ಲಿಂಗಪೂಜೆಗೆ ನೆಲದ ಮೇಲೆ ಕೂರಲಾಗದೆ ಕುರ್ಚಿಯಲ್ಲಿ ಕೂತು ಮಾಡುತ್ತಾಳೆ, ಅದೊಂದು ಕೊರಗು. ಅಣ್ಣ ಗಾಡಿಯನ್ನು ಮಾರಿಲ್ಲ. ಭಾನುವಾರ ಬೆಳಿಗ್ಗೆ ಗೆಳೆಯರ ಜೊತೆ ಮೈಸೂರು ರಸ್ತೆಯಲ್ಲಿ ತಿಂಡಿಗೆ ಹೋಗುತ್ತಾನೆ. ಆ ಹೊತ್ತಿಗೆ ನಾನು ಅಮ್ಮನನ್ನು ನೋಡಲು ಹೋಗುತ್ತೇನೆ. ಹೀಗೆ ನಾವಿಬ್ಬರೂ ಎದುರಾಗುವುದು ತಪ್ಪಿದೆ.

ಹೋದ ಭಾನುವಾರ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಆಪರೇಷನ್ ಆದ ಕಾಲು ತೆಳ್ಳಗಾಗಿದೆ, ಇನ್ನೊಂದಕ್ಕಿಂತ ಬೇರೆಯೇ ಬಣ್ಣ. ಅಮ್ಮ ಹೇಳಿದಳು:

"ನಿಮ್ಮಣ್ಣನ ಮೇಲೆ ಸಿಟ್ಟು ಇಟ್ಕೋಬೇಡ ಕಣೇ. ಪಾಪ, ಅವನೇನ್ ಮಾಡ್ತಾನೆ? ನಿನ್ನ ಮಾತು ನಂಬಿ ತಗೊಂಡ."

ನನ್ನ ಕೈ ನಿಂತಿತು. ಅದೇ ಗಾಡಿಗೆ ನಾನೇ ಅವಳನ್ನು ಎತ್ತಿ ಕೂರಿಸಿದ್ದೆ, ನಾನೇ ತಬ್ಬಿ ಇಳಿಸಿದ್ದೆ. ಅದೆಲ್ಲ ಅವಳಿಗೆ ಮರೆತುಹೋಗಿದೆಯೋ, ಮಗನಿಗಾಗಿ ಮರೆತಿದ್ದಾಳೋ, ಕೇಳಲು ಧೈರ್ಯವಾಗಲಿಲ್ಲ.

"ಹೂಂ ಅಮ್ಮ" ಎಂದೆ.

ಕೈ ಒರೆಸಿಕೊಂಡು ಕಾಫಿಗೆಂದು ಅಡುಗೆಮನೆಗೆ ಹೋದೆ. ಅತ್ತಿಗೆ ಹಾಲಿನ ಪಾತ್ರೆಯ ಮುಂದೆ ನಿಂತಿದ್ದರು, ಒಳಗಿನ ಮಾತು ಅವರಿಗೂ ಕೇಳಿಸಿರಬೇಕು. ಏನೋ ಹೇಳಲು ಬಾಯಿ ತೆರೆದರು. ಅವರ ಮಾತು ಹೊರಡುವ ಮೊದಲೇ ನಾನು ಲೋಟಗಳನ್ನು ತೊಳೆಯಲು ನಲ್ಲಿ ಬಿಟ್ಟೆ.